ಮಳೆಗೆ ಮುಂಚಿನ ಕೆಲಸ

ಗಡಿನಾಡಿನ ಮನೆ, ಹವಾಮಾನದ ವಿಕೋಪ ಮತ್ತು ಊರಿನ ಬಲವನ್ನು ಕುರಿತ ದತ್ತಿ ಉಪನ್ಯಾಸ



ಗಡಿನಾಡಿನಲ್ಲಿ ದತ್ತಿ ಉಪನ್ಯಾಸ ನಡೆದರೆ ಭಾಷೆ, ಶಾಲೆ, ಶಾಸನ, ವಚನ ಇವೇ ವಿಷಯಗಳಾಗುವುದು ರೂಢಿ. ಅವೆಲ್ಲ ಬೇಕಾದವೇ. ಆದರೆ ಭಾಷೆ ಆಡುವ ಮನುಷ್ಯನಿಗೆ ಮಲಗಲು ಒಂದು ಸೂರು ಬೇಕು, ಆ ಸೂರು ಮಳೆಗಾಲದ ರಾತ್ರಿಯಲ್ಲಿ ಅವನ ಮೇಲೆ ಬೀಳಬಾರದು. ಇಂದು ನಾನು ಆ ಸೂರಿನ ಬಗ್ಗೆ ಮಾತಾಡಲು ಅನುಮತಿ ಕೇಳಿದಾಗ ಸಂಘಟಕರು ಸಂತೋಷದಿಂದ ಒಪ್ಪಿದರು. ಅವರಿಗೆ ನಾನು ಋಣಿ.

ನಾನು ಹೇಳಬೇಕೆಂದಿರುವುದು ಒಂದೇ ಮಾತು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರತಿ ಮಳೆಗಾಲದಲ್ಲೂ ‘ಮಳೆಗೆ ಮನೆ ಕುಸಿತ’ ಎಂಬ ಸುದ್ದಿ ಓದುತ್ತೇವೆ. ಮಳೆ ಬಂದದ್ದು ನಿಜ, ಮನೆ ಬಿದ್ದದ್ದೂ ನಿಜ. ಆದರೆ ಆ ಮನೆ ಬೀಳಲು ಶುರುವಾದದ್ದು ಮಳೆಗೆ ಎಷ್ಟೋ ತಿಂಗಳ ಮುಂಚೆ, ಒಮ್ಮೊಮ್ಮೆ ಎಷ್ಟೋ ವರ್ಷಗಳ ಮುಂಚೆ. ಮಳೆಗೆ ಮುಂಚೆ ಆಗಬೇಕಾದ ಕೆಲಸ ಆಗಲಿಲ್ಲ. ಆ ಕೆಲಸ ಮಾಡುವ ಕೈ, ಅದಕ್ಕೆ ಬೇಕಾದ ಹಣ, ಅದರ ಅರಿವು ಮೂರೂ ಊರು ಬಿಟ್ಟು ಹೋದವು. ಆ ಮೂರನ್ನೂ ಊರಿಗೆ ಮರಳಿಸುವುದೇ ಜಹೀರಾಬಾದ್, ನಾರಾಯಣಖೇಡ, ತಾಂಡೂರಿನ ಈ ಸೀಮೆಯಲ್ಲಿ ಸುರಕ್ಷಿತ ವಸತಿಯ ಹಾದಿ.

1. ಒಂದು ಗಡಿ, ಎರಡು ನದಿ

ಈ ಮೂರು ಊರುಗಳನ್ನು ಒಟ್ಟಿಗೆ ನೋಡಲು ಕಾರಣವಿದೆ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಹಂಚಿಹೋದಾಗ ಬೀದರ ಜಿಲ್ಲೆಯ ನಾರಾಯಣಖೇಡ ತಾಲ್ಲೂಕು, ನಿರ್ಣಾ ವಲಯವನ್ನು ಬಿಟ್ಟು ಉಳಿದ ಜಹೀರಾಬಾದ್ ತಾಲ್ಲೂಕು, ಬೀದರ ತಾಲ್ಲೂಕಿನ ನ್ಯಾಲಕಲ್ ವಲಯ, ಕಲಬುರಗಿ ಜಿಲ್ಲೆಯ ತಾಂಡೂರು ಮತ್ತು ಕೊಡಂಗಲ್ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. 2014ರಲ್ಲಿ ತೆಲಂಗಾಣವಾಯಿತು. 2016ರ ಅಕ್ಟೋಬರಿನಲ್ಲಿ ಜಿಲ್ಲೆಗಳನ್ನು ಮತ್ತೆ ವಿಂಗಡಿಸಿದಾಗ ಜಹೀರಾಬಾದ್, ನಾರಾಯಣಖೇಡ ಸಂಗಾರೆಡ್ಡಿ ಜಿಲ್ಲೆಗೂ ತಾಂಡೂರು ವಿಕಾರಾಬಾದ್ ಜಿಲ್ಲೆಗೂ ಹೋದವು. ಕಾಗದದ ಮೇಲೆ ಗೆರೆಗಳು ಹೀಗೆ ಸರಿಯುತ್ತ ಬಂದಿವೆ. ನೆಲ, ನೀರು, ಗಾಳಿ ಇದ್ದಲ್ಲೇ ಇವೆ.

ನೀರಿನ ದಾರಿ ನೋಡಿ. ಮಾಂಜ್ರಾ ಮಹಾರಾಷ್ಟ್ರದ ಬಾಲಾಘಾಟ್ ಬೆಟ್ಟಸಾಲಿನಲ್ಲಿ ಹುಟ್ಟಿ, ಲಾತೂರು ಸೀಮೆ ದಾಟಿ, ಬೀದರ ಜಿಲ್ಲೆಯಲ್ಲಿ ಹರಿದು, ನಾರಾಯಣಖೇಡದ ಕಡೆ ತೆಲಂಗಾಣ ಸೇರಿ ಸಿಂಗೂರು ಜಲಾಶಯಕ್ಕೂ ಅಲ್ಲಿಂದ ನಿಜಾಮಸಾಗರಕ್ಕೂ ಹೋಗುತ್ತದೆ. ಕಾಗಿಣಾ ಇದಕ್ಕೆ ಎದುರಾದ ದಾರಿ ಹಿಡಿದಿದೆ. ಅದು ವಿಕಾರಾಬಾದಿನ ಬೆಟ್ಟಗಳಲ್ಲಿ ಹುಟ್ಟಿ, ತಾಂಡೂರಿನ ಪಕ್ಕದಲ್ಲಿ ಹರಿದು, ಸೇಡಂ ಸೀಮೆಗೆ ಬಂದು, ರಾಷ್ಟ್ರಕೂಟರ ಮಳಖೇಡವನ್ನು ಮುಟ್ಟಿ, ಮುಂದೆ ಭೀಮೆಯನ್ನು ಕೂಡುತ್ತದೆ. ಬೀದರದಲ್ಲಿ ಸುರಿದ ಮಳೆ ನಾರಾಯಣಖೇಡದ ಹೊಲಕ್ಕೆ ಬರುತ್ತದೆ, ತಾಂಡೂರಿನಲ್ಲಿ ಸುರಿದ ಮಳೆ ಮಳಖೇಡದ ಮನೆಗೆ ನುಗ್ಗುತ್ತದೆ. 2020ರ ಅಕ್ಟೋಬರ್ 13 ಮತ್ತು 14ರಂದು ಬಂಗಾಳ ಕೊಲ್ಲಿಯಿಂದ ಎದ್ದ ವಾಯುಭಾರ ಕುಸಿತ ಆಂಧ್ರದ ಕರಾವಳಿ ದಾಟಿ, ತೆಲಂಗಾಣವನ್ನು ಹಾದು, ಕಲಬುರಗಿ, ಬೀದರ, ಸೊಲ್ಲಾಪುರದ ಕಡೆ ನಡೆದಾಗ ಇದು ಎಲ್ಲರ ಅನುಭವಕ್ಕೆ ಬಂತು. ಹೈದರಾಬಾದಿನಲ್ಲಿ ಗೋಡೆಗಳು ಉರುಳಿ ಜನ ಸತ್ತರು. ಅದೇ ವಾರ ಕಾಗಿಣಾ, ಭೀಮಾ ಎರಡೂ ಉಕ್ಕಿದವು.

ಈ ಬೆಟ್ಟಗಳಿಗೆ ಇನ್ನೂ ಒಂದು ದೊಡ್ಡ ನೆನಪಿದೆ. ವಿಕಾರಾಬಾದಿನ ಅನಂತಗಿರಿಯಲ್ಲೇ ಹುಟ್ಟುವ ಮೂಸಿ ನದಿ 1908ರ ಸೆಪ್ಟೆಂಬರ್ 28ರಂದು ಹೈದರಾಬಾದನ್ನು ಮುಳುಗಿಸಿತು. ಸಾವಿರಾರು ಜನ ಸತ್ತರು, ಮಣ್ಣಿನ ಮನೆಗಳ ಕೇರಿಗಳು ಹೇಳಹೆಸರಿಲ್ಲದಂತೆ ಹೋದವು. ಮರುವರ್ಷ ನಿಜಾಮ ಸರ್ಕಾರ ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು ಕರೆಸಿತು. ಅವರು ಊರೊಳಗಿನ ಹಾನಿಯನ್ನಷ್ಟೇ ಅಳೆದು ಸುಮ್ಮನಾಗಲಿಲ್ಲ. ಮೇಲ್ದಂಡೆಗೆ ಹೋಗಿ ಮೂಸಿಯ ಜಲಾನಯನವನ್ನೆಲ್ಲ ನೋಡಿದರು. ಅಲ್ಲಿ ಇನ್ನೂರಕ್ಕೂ ಹೆಚ್ಚು ಕೆರೆಗಳು ಒಡೆದದ್ದರಿಂದ ಪ್ರವಾಹ ಅಷ್ಟು ಭೀಕರವಾಯಿತೆಂದು ಗುರುತಿಸಿದರು. ನೀರನ್ನು ಊರಿನ ಮೇಲ್ಗಡೆಯೇ ತಡೆಯಬೇಕೆಂದು ಸಲಹೆ ಕೊಟ್ಟರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಹೀಗೆ ಬಂದವು. 1912ರಲ್ಲಿ ನಗರ ಸುಧಾರಣಾ ಮಂಡಳಿ ಹುಟ್ಟಿ ಇಕ್ಕಟ್ಟಿನ ಕೇರಿಗಳನ್ನು ತೆರವು ಮಾಡಿ ಬೇರೆ ಮನೆ ಕಟ್ಟಿಸುವ ಕೆಲಸ ಹಿಡಿಯಿತು. ವಿಪತ್ತು ಬಂದ ಮೇಲೆ ಮುಂದಿನ ವಿಪತ್ತಿಗೆ ಮುಂಚಿನ ಕೆಲಸವನ್ನು ಯೋಚಿಸಿದ ದೊಡ್ಡ ಉದಾಹರಣೆ ನಮ್ಮ ಪಕ್ಕದಲ್ಲೇ ಇದೆ. ಅದು ರಾಜಧಾನಿಗೆ ಸಿಕ್ಕಿತು. ಹಳ್ಳಿಗೆ ಸಿಕ್ಕಿಲ್ಲ.

2. ಬದಲಾದ ಆಕಾಶ

ಬರ ನಮ್ಮ ಸೀಮೆಗೆ ಹೊಸದಲ್ಲ. 1972ರ ಬರವನ್ನು ಕಂಡ ಹಿರಿಯರು ಇನ್ನೂ ಇದ್ದಾರೆ. ಹೊಸದಾಗಿರುವುದು ಮಳೆಯ ವರಸೆ. ತಿಂಗಳಿಗೆ ಹಂಚಿ ಬರಬೇಕಾದ ಮಳೆ ಎರಡು ದಿನಕ್ಕೆ ಸುರಿದು, ಆಮೇಲೆ ಮೂರು ವಾರ ಮುಖ ತೋರಿಸುವುದಿಲ್ಲ. ಇದಕ್ಕೆ ವಿಜ್ಞಾನದ ವಿವರಣೆ ಸರಳ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಸುಮಾರು ಶೇ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದುಕೊಳ್ಳಬಲ್ಲದು. ಹಿಡಿದದ್ದನ್ನು ಸುರಿಸುವಾಗ ಒಮ್ಮೆಲೇ ಸುರಿಸುತ್ತದೆ. 1950ರಿಂದ 2015ರವರೆಗಿನ ದಾಖಲೆಗಳನ್ನು ನೋಡಿದ ಹವಾಮಾನ ವಿಜ್ಞಾನಿಗಳು ಮಧ್ಯ ಭಾರತದಲ್ಲಿ ವ್ಯಾಪಕವಾದ ಅತಿವೃಷ್ಟಿಯ ಪ್ರಸಂಗಗಳು ಮೂರು ಪಟ್ಟಾಗಿವೆ ಎಂದು 2017ರಲ್ಲಿ ಪ್ರಕಟಿಸಿದರು.

ಆಲಿಕಲ್ಲು ಇನ್ನೊಂದು. 2014ರ ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ಮಹಾರಾಷ್ಟ್ರ, ಉತ್ತರ ಕರ್ನಾಟಕ, ತೆಲಂಗಾಣದ ಮೇಲೆ ದಿನಗಟ್ಟಲೆ ಆಲಿಕಲ್ಲು ಬಿತ್ತು. 2023ರ ಮಾರ್ಚ್ ನಡುವೆ ವಿಕಾರಾಬಾದ್ ಜಿಲ್ಲೆಯ ಮರ್ಪಲ್ಲಿಯಲ್ಲಿ ಬೀದಿ, ಹೊಲ, ಅಂಗಳಗಳೆಲ್ಲ ಬೆಳ್ಳಗಾಗುವಷ್ಟು ಆಲಿಕಲ್ಲು ಸುರಿಯಿತು. ಬಿಸಿಲಿನ ಕಥೆ ಬೇರೆ ಹೇಳಬೇಕಿಲ್ಲ. 2015ರ ಮೇ ತಿಂಗಳ ಬಿಸಿಗಾಳಿಗೆ ಆಂಧ್ರ, ತೆಲಂಗಾಣ ಸೇರಿ ಎರಡು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಕೂಲಿಕಾರರು, ಮುದುಕರು ಬಹಳ.

ಬರ, ಬಿಸಿಲು, ಆಲಿಕಲ್ಲು, ಅತಿವೃಷ್ಟಿ ಇವನ್ನೆಲ್ಲ ಬಡವನ ಮನೆ ಒಂದೇ ವರ್ಷದಲ್ಲಿ ಎದುರಿಸುತ್ತದೆ. ಬರದಲ್ಲಿ ಎರೆ ನೆಲ ಬಿರಿದು ಪಾಯ ಅಲುಗಾಡುತ್ತದೆ. ಬೇಸಿಗೆಯಲ್ಲಿ ತಗಡು ಕಾಯುತ್ತದೆ. ಗಾಳಿಯಲ್ಲಿ ಅದೇ ತಗಡು ಹಾರುತ್ತದೆ. ಮಳೆಯಲ್ಲಿ ಗೋಡೆಯ ಬುಡ ನೆನೆಯುತ್ತದೆ. ಆದ್ದರಿಂದ ಪ್ರವಾಹಕ್ಕೊಂದು ಯೋಜನೆ, ಬಿಸಿಲಿಗೊಂದು ಯೋಜನೆ ಎಂದು ಬೇರೆ ಬೇರೆ ಕಡತ ತೆರೆಯುವುದರಿಂದ ಪ್ರಯೋಜನ ಕಡಿಮೆ. ಮನೆಯನ್ನೇ ನಡುವೆ ಇಟ್ಟು ನೋಡಬೇಕು.

3. ಮಾಳಿಗೆ, ಪರಸಿ, ಪತ್ರಾ

ಈ ಸೀಮೆಯ ಬಡವರ ಮನೆಗಳಲ್ಲಿ ಮೂರು ಬಗೆ ಮುಖ್ಯವಾಗಿ ಕಾಣುತ್ತವೆ. ಹಳೆಯದು ಮಾಳಿಗೆ ಮನೆ. ಜಹೀರಾಬಾದಿನಿಂದ ಬೀದರದವರೆಗೆ ಕೆಂಪು ಮುರಕಲ್ಲಿನ ಪ್ರಸ್ಥಭೂಮಿ. ಈ ಕಲ್ಲು ನೆಲದೊಳಗೆ ಇರುವಾಗ ಮೃದು, ಕಡಿದು ಗಾಳಿಗೆ ಇಟ್ಟರೆ ಗಟ್ಟಿ. ಆ ಕಲ್ಲನ್ನೋ ಮಣ್ಣನ್ನೋ ದಪ್ಪ ಗೋಡೆಯಾಗಿ ಎಬ್ಬಿಸಿ, ತೊಲೆ ಇಟ್ಟು, ಜಂತಿ ಜೋಡಿಸಿ, ಕಟ್ಟಿಗೆ ಸೀಳು, ಸೊಪ್ಪು ಹಾಸಿ, ಮೇಲೆ ಮಣ್ಣು ಬಡಿದರೆ ಮಾಳಿಗೆ. ಮೇ ತಿಂಗಳ ಮಧ್ಯಾಹ್ನ ಇದರೊಳಗೆ ಕೂತವರಿಗೆ ಅದರ ತಂಪು ಗೊತ್ತು.

ಆ ತಂಪಿಗೆ ವರ್ಷವರ್ಷವೂ ಕೆಲಸ ಬೇಕಿತ್ತು. ರೋಹಿಣಿ ಮಳೆ ಬೀಳುವ ಮುಂಚೆ ಮಾಳಿಗೆ ಹತ್ತಿ ಹುಲ್ಲು ಕಿತ್ತು, ಇಲಿ ತೋಡಿದ ತೂತು ಮುಚ್ಚಿ, ಹಳೆಯ ಊರಿನ ದಿಬ್ಬದಿಂದ ಹಾಳುಮಣ್ಣು ತಂದು ಹರವುತ್ತಿದ್ದರು. ಆ ಮಣ್ಣಿನಲ್ಲಿ ಉಪ್ಪಿನಂಶ ಇರುತ್ತದೆ. ನೀರು ಬಿದ್ದೊಡನೆ ಅದರ ಕಣಗಳು ಬಿಡಿಬಿಡಿಯಾಗಿ ಸಂದುಗಳಲ್ಲಿ ಕೂತು ನೀರು ಇಳಿಯದಂತೆ ಮುಚ್ಚಿಬಿಡುತ್ತವೆ. ಹರನಾಳಿಗೆಯ ಬಾಯಿ ತೆಗೆದು, ನೀರು ಗೋಡೆಗೆ ತಾಗದಂತೆ ದೂರ ಬೀಳುವುದನ್ನು ನೋಡುತ್ತಿದ್ದರು. ಹೆಂಗಸರು ಗೋಡೆಯ ಬುಡಕ್ಕೆ ಮಣ್ಣು, ಸಗಣಿ ಕಲಸಿ ಮೆತ್ತುತ್ತಿದ್ದರು. ಕಾರ ಹುಣ್ಣಿಮೆಯ ಹೊತ್ತಿಗೆ ಈ ಕೆಲಸ ಮುಗಿದಿರಬೇಕು. ಮುಗಿಯದ ಮನೆಗೆ ಪಕ್ಕದವರು ಕೈಹಚ್ಚುತ್ತಿದ್ದರು.

ಈಗ ಏನಾಗಿದೆ? ಹಾಳುದಿಬ್ಬಗಳು ಎಷ್ಟೋ ಕಡೆ ಸಮತಟ್ಟಾಗಿ ಹೊಲವಾದವು. ತೊಲೆಗೆ ಮರವಿಲ್ಲ. ಮಾಳಿಗೆ ಹತ್ತಬೇಕಾದ ಹರೆಯದವರು ಹೈದರಾಬಾದಿನ ಕಟ್ಟಡಗಳಲ್ಲಿ ದುಡಿಯುತ್ತಿದ್ದಾರೆ. ನಾರಾಯಣಖೇಡದ ತಾಂಡಾಗಳಿಂದ ಗಂಡ ಹೆಂಡತಿ ಇಬ್ಬರೂ ಕಬ್ಬು ಕಡಿಯಲು ಹೋಗುತ್ತಾರೆ, ಮನೆಯಲ್ಲಿ ಉಳಿಯುವವರು ಅಜ್ಜ, ಅಜ್ಜಿ, ಮಕ್ಕಳು. ನಗರಕ್ಕೆ ಮನೆ ಕಟ್ಟಿಕೊಡುವ ಕೈಗೆ ತನ್ನ ಮಾಳಿಗೆ ತಿದ್ದಲು ಬಿಡುವಿಲ್ಲ.

ಕೆಲಸ ತಪ್ಪಿದ ಮಾಳಿಗೆ ಬೀಳುವ ರೀತಿಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಹನ್ನೆರಡು ಚದರ ಮೀಟರಿನ ಒಂದು ಕೋಣೆ, ಮೇಲೆ ಒಂದಡಿ ಮಣ್ಣು ಎಂದುಕೊಳ್ಳಿ. ಒಣಗಿದ್ದಾಗಲೇ ಅದರ ಭಾರ ಸುಮಾರು 6 ಟನ್. ಎರಡು ದಿನದ ಜಡಿಮಳೆ ಕುಡಿದರೆ ಇನ್ನೊಂದು ಟನ್ ಕೂಡುತ್ತದೆ. ಜಂತಿಯ ತುದಿ ಗೋಡೆಯೊಳಗೆ ಗೆದ್ದಲು ತಿಂದು ಟೊಳ್ಳಾಗಿರುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಕೆಳಗೆ, ಗೋಡೆಯ ಬುಡದಲ್ಲಿ, ಮಳೆಯ ಹನಿ ನೆಲಕ್ಕೆ ಬಡಿದು ಸಿಡಿಯುತ್ತ ಮೊಣಕಾಲೆತ್ತರದವರೆಗೆ ಮಣ್ಣನ್ನು ಕೆರೆಯುತ್ತದೆ. ನೆಲದ ತೇವ ಒಳಗಿನಿಂದ ಮೇಲೇರುತ್ತದೆ. ಹೀಗೆ ತಲೆಯ ಮೇಲೆ ಭಾರ ಹೆಚ್ಚುತ್ತದೆ, ಕಾಲಿನಲ್ಲಿ ಬಲ ಇಳಿಯುತ್ತದೆ. ಎಷ್ಟೋ ಗೋಡೆಗಳು ಮಳೆ ಜೋರಾಗಿದ್ದಾಗ ಬೀಳದೆ ಅದು ನಿಂತ ಮೇಲೆ, ಎರಡನೆಯ ಅಥವಾ ಮೂರನೆಯ ರಾತ್ರಿ ಬೀಳುವುದು ಇದಕ್ಕೇ. ಅಪಾಯ ಕಳೆಯಿತೆಂದು ಜನ ಒಳಗೆ ಬಂದು ಮಲಗಿರುತ್ತಾರೆ.

ಎರಡನೆಯದು ತಾಂಡೂರು ಸೀಮೆಯ ಪರಸಿ ಮನೆ. ತಾಂಡೂರಿನ ಸುಣ್ಣಕಲ್ಲಿನ ಹಾಸುಬಂಡೆ ದೇಶದ ಮನೆಮನೆಯ ನೆಲಕ್ಕೆ ಹೋಗಿದೆ. ಕಣಿ ಇರುವ ಊರುಗಳಲ್ಲಿ ಅದೇ ಪರಸಿ ಗೋಡೆಯೂ ಆಗುತ್ತದೆ, ಸೂರೂ ಆಗುತ್ತದೆ. ಗಟ್ಟಿಯಾದದ್ದು, ಹತ್ತಿರ ಸಿಗುವುದು. ಆದರೆ ಹಗಲೆಲ್ಲ ಕಾದ ಕಲ್ಲು ರಾತ್ರಿಯೆಲ್ಲ ಬಿಸಿ ಬಿಡುತ್ತದೆ, ಎರಡು ಕಲ್ಲಿನ ನಡುವಿನ ಸಂದು ಪ್ರತಿ ಮಳೆಗಾಲಕ್ಕೆ ಬಾಯಿ ತೆರೆಯುತ್ತದೆ. ಕಲ್ಲಿನ ಧೂಳು ಕುಡಿದ ಕೂಲಿಕಾರನ ಎದೆಗೆ ಆ ತೇವವೂ ಸೇರುತ್ತದೆ.

ಮೂರನೆಯದು ಪತ್ರಾದ, ಅಂದರೆ ತಗಡಿನ ಸೂರಿನ ಮನೆ. ಮಾಳಿಗೆ ಬಿದ್ದ ಜಾಗದಲ್ಲಿ ಎದ್ದದ್ದು ಇದೇ. ಬೇಗ ಆಗುತ್ತದೆ, ಬಿದ್ದರೂ ಜೀವ ಹೋಗುವುದಿಲ್ಲ ಎಂಬ ನಂಬಿಕೆ. ತಗಡನ್ನು ಕೊಕ್ಕೆಯ ಬೋಲ್ಟಿನಿಂದ ಕಬ್ಬಿಣದ ಪಟ್ಟಿಗೆ ಬಿಗಿದು, ಆ ಪಟ್ಟಿಯನ್ನು ಗೋಡೆಯೊಳಗೆ ಕಟ್ಟಿದ್ದರೆ ಅದು ಗಾಳಿಗೆ ನಿಲ್ಲುತ್ತದೆ. ಬಹಳ ಕಡೆ ಬೋಲ್ಟಿನ ಬದಲು ಕಲ್ಲು ಹೇರಿರುತ್ತಾರೆ. ಬಿರುಗಾಳಿಗೆ ತಗಡು ಎದ್ದರೆ ಆ ಕಲ್ಲು ಬೀಳುವುದು ಒಳಗೆ ಮಲಗಿದವರ ಮೇಲೆ. ಬೇಸಿಗೆಯ ರಾತ್ರಿ ಕಾದ ತಗಡಿನಡಿ ಮಲಗಲಾಗದೆ ಜನ ಅಂಗಳಕ್ಕೆ ಬರುತ್ತಾರೆ. ಅಲ್ಲಿ ಹಾವು, ಚೇಳಿನ ಭಯ.

ಈ ಮೂರಕ್ಕೂ ಕೆಳಗೆ ನೆಲ ಇದೆ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬರಗಾಲದಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ. ಅದರ ಮೇಲೆ ಎರಡಡಿ ಪಾಯ ತೋಡಿ ಸಿಮೆಂಟಿನ ಮನೆ ಕಟ್ಟಿದರೂ ಮೂಲೆಯಿಂದ ಕಿಟಕಿಗೆ ಓರೆಯಾಗಿ ಬಿರುಕು ಬರುತ್ತದೆ. ಪಕ್ಕಾ ಮನೆ ಎಂಬ ಹೆಸರಿನಿಂದಷ್ಟೇ ಮನೆ ಪಕ್ಕಾ ಆಗುವುದಿಲ್ಲ.

4. ಕಿಲ್ಲಾರಿ ಕಲಿಸಿದ್ದು

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಾಲ್ಕು ಗಂಟೆಗೆ ನಾಲ್ಕೈದು ನಿಮಿಷ ಇರುವಾಗ, ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ನಮಗದು ನೂರು ಕಿಲೋಮೀಟರಿಗೆ ತುಸು ಹೆಚ್ಚು ದೂರ. ಬೀದರ, ಜಹೀರಾಬಾದ್ ಕಡೆಯವರೆಲ್ಲ ಬೀದಿಗೆ ಓಡಿ ಬಂದರು. ಅಲ್ಲಿ ಸಾವಿರಾರು ಜನ ಸತ್ತದ್ದು ತಮ್ಮದೇ ಗೋಡೆ, ತಮ್ಮದೇ ಮಾಳಿಗೆಯ ಕೆಳಗೆ. ಭೂಕಂಪ ಹವಾಮಾನದ ವಿಕೋಪವಲ್ಲ, ಬಲ್ಲೆ. ಆದರೂ ಅದರಿಂದ ಎರಡು ಪಾಠ ತೆಗೆದುಕೊಳ್ಳಬೇಕು.

ಮೊದಲನೆಯದು ಕಟ್ಟುವ ಕಲೆಯದು. ಬಿದ್ದ ಗೋಡೆಗಳು ದಪ್ಪವಾಗಿದ್ದವು, ಆದರೆ ಒಳಮೈ, ಹೊರಮೈ ಎಂದು ಎರಡು ಪದರವಾಗಿ ಕಟ್ಟಿ ನಡುವೆ ಮಣ್ಣು, ಜಲ್ಲಿ ತುಂಬಿದ್ದರು. ಎರಡೂ ಮೈಗಳನ್ನು ಹಿಡಿದಿಡುವ ಉದ್ದನೆಯ ಕಲ್ಲು ಇರಲಿಲ್ಲ. ನೆಲ ಅಲುಗಿದಾಗ ಗೋಡೆ ನಡುವೆ ಸೀಳಿತು. ಅಲ್ಲಲ್ಲಿ ಉದ್ದಗಲ್ಲು ಸೇರಿಸುವುದು, ಮೂಲೆಗಳನ್ನು ಬಿಗಿಯುವುದು, ಬಾಗಿಲ ನೆತ್ತಿಯ ಮಟ್ಟದಲ್ಲಿ ಮನೆಯ ಸುತ್ತ ಕಾಂಕ್ರೀಟಿನ ಪಟ್ಟಿ ಹಾಕುವುದು, ಮಾಳಿಗೆಯ ಮಣ್ಣಿನ ದಪ್ಪ ಇಳಿಸುವುದು, ಇಷ್ಟರಿಂದ ಹಳೆಯ ಮನೆಯೇ ಎಷ್ಟೋ ಸುರಕ್ಷಿತವಾಗುತ್ತದೆ. ಮಳೆಗೂ ಇದೇ ಮದ್ದು.

ಎರಡನೆಯದು ಕೆಲಸ ನಡೆಸುವ ಕಲೆಯದು. ಹೆಚ್ಚು ಹಾನಿಯಾದ ಐವತ್ತಕ್ಕೂ ಮೇಲ್ಪಟ್ಟ ಊರುಗಳನ್ನು ಬೇರೆ ಕಡೆ ಕಟ್ಟಿದರು. ಉಳಿದ ಊರುಗಳ ಬಿರುಕು ಬಿಟ್ಟ ಮನೆಗಳನ್ನು ಮಾತ್ರ ಮನೆಯವರೇ ಸರ್ಕಾರದ ನೆರವು ಪಡೆದು ತಿದ್ದಿ ಬಲಪಡಿಸಬೇಕೆಂದು ಮಹಾರಾಷ್ಟ್ರ ಸರ್ಕಾರ ತೀರ್ಮಾನಿಸಿತು. ಆ ತಿಳಿವಳಿಕೆಯನ್ನು ಮನೆಮನೆಗೆ ಮುಟ್ಟಿಸಲು ಊರಿನ ಮಹಿಳಾ ಮಂಡಲಗಳ ಹೆಂಗಸರನ್ನೇ ಸಂವಾದ ಸಹಾಯಕಿಯರಾಗಿ ನೇಮಿಸಿತು. ಸ್ವಯಂ ಶಿಕ್ಷಣ ಪ್ರಯೋಗ ಸಂಸ್ಥೆ ಅವರ ಬೆನ್ನಿಗೆ ನಿಂತಿತು. ಗೋಡೆಗೆ ಉದ್ದಗಲ್ಲು ಹಾಕಿದ್ದಾರೆಯೇ, ಪಟ್ಟಿಗೆ ಕಬ್ಬಿಣ ಸರಿಯಾಗಿ ಬಿದ್ದಿದೆಯೇ ಎಂದು ಗೌಂಡಿಯನ್ನು ನಿಲ್ಲಿಸಿ ಕೇಳುವ ಹೆಂಗಸರು ನಮ್ಮದೇ ತರಹದ ಹಳ್ಳಿಗಳಲ್ಲಿ ತಯಾರಾದರು.

ಇದಕ್ಕೆ ಎದುರಾದ ಅನುಭವ ಕರ್ನಾಟಕದ್ದು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಿನ ನೆರೆಯ ನಂತರ ಉತ್ತರ ಕರ್ನಾಟಕದಲ್ಲಿ ‘ಆಸರೆ’ ಹೆಸರಿನಲ್ಲಿ ಹೊಸ ಊರುಗಳನ್ನು ಕಟ್ಟಿದರು. ದಾನಿಗಳ ಮನಸ್ಸು ದೊಡ್ಡದೇ ಇತ್ತು. ಆದರೆ ಎತ್ತು ಎಲ್ಲಿ ಕಟ್ಟಬೇಕು, ಕಾಳಿನ ಚೀಲ ಎಲ್ಲಿಡಬೇಕು ಎಂಬುದನ್ನು ಕೇಳದೆ ಕಟ್ಟಿದ ಮನೆಗಳಲ್ಲಿ ಎಷ್ಟೋ ಖಾಲಿ ಉಳಿದವು, ಜನ ಹೊಳೆದಂಡೆಯ ಹಳೆಯ ಊರಿಗೇ ಮರಳಿದರು. ಇರುವವರನ್ನು ಕೇಳದೆ ಕಟ್ಟಿದ ಮನೆ ಎಷ್ಟು ಗಟ್ಟಿಯಾದರೂ ಆಸರೆಯಾಗುವುದಿಲ್ಲ.

5. ಬಿದ್ದ ಮೇಲಿನ ಹಣ

ಹಣದ ಲೆಕ್ಕವನ್ನೂ ನೋಡೋಣ. ಕೇಂದ್ರ ಗೃಹ ಸಚಿವಾಲಯ 2022ರಲ್ಲಿ ಪರಿಷ್ಕರಿಸಿದ ವಿಪತ್ತು ಪರಿಹಾರದ ಮಾನದಂಡಗಳ ಪ್ರಕಾರ ಬಯಲುಸೀಮೆಯಲ್ಲಿ ಮನೆ ಪೂರ್ತಿ ಹಾಳಾದರೆ 1,20,000 ರೂಪಾಯಿ. ಶೇ 15ಕ್ಕೆ ಕಡಿಮೆಯಿಲ್ಲದಂತೆ ಭಾಗಶಃ ಹಾಳಾದರೆ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. ಗುಡಿಸಲಿಗೆ 8,000. ರಾಜ್ಯ ಸರ್ಕಾರಗಳು ಇದಕ್ಕೆ ತಮ್ಮ ಪಾಲು ಕೂಡಿಸಬಹುದು. ಕರ್ನಾಟಕ 2019ರ ನೆರೆಯಲ್ಲಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಕೊಟ್ಟಿತು. ಆದರೆ ಮಳೆಗೆ ಮುಂಚೆಯೇ ಬಿರುಕು ಬಿಟ್ಟು ಇನ್ನೂ ನಿಂತಿರುವ ಗೋಡೆಗೆ ಈ ಪರಿಹಾರದಲ್ಲಿ ಒಂದು ರೂಪಾಯಿಯೂ ಇಲ್ಲ. ವಿಕೋಪದಲ್ಲಿ ಹಾನಿಯಾದ ಮೇಲಷ್ಟೇ ಪಂಚನಾಮೆ, ಫೋಟೊ, ಅರ್ಜಿ.

ಹೊಸ ಮನೆಯ ಯೋಜನೆಗಳು ಇವೆ. ತೆಲಂಗಾಣ ಸರ್ಕಾರ 2024ರ ಮಾರ್ಚ್ 11ರಂದು ಭದ್ರಾಚಲದಲ್ಲಿ ಆರಂಭಿಸಿದ ಇಂದಿರಮ್ಮ ವಸತಿ ಯೋಜನೆಯಲ್ಲಿ ಸ್ವಂತ ಜಾಗ ಇದ್ದವರಿಗೆ ಮನೆ ಕಟ್ಟಲು 5 ಲಕ್ಷ ರೂಪಾಯಿ, ಹಂತಹಂತವಾಗಿ, ಮನೆಯ ಹೆಣ್ಣುಮಗಳ ಹೆಸರಿನಲ್ಲಿ. ಇದು ದೊಡ್ಡ ನೆರವು, ಇದನ್ನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಮೊದಲ ಕಂತು ಬರಬೇಕಾದರೆ ಪಾಯ ಮುಗಿದಿರಬೇಕು, ಪಾಯಕ್ಕೆ ಕೈಯಲ್ಲಿ ಹಣ ಇರಬೇಕು. ಜಾಗಕ್ಕೆ ಕಾಗದ ಬೇಕು. ಹಳ್ಳದ ದಂಡೆಯಲ್ಲಿ, ಊರಿನ ತಗ್ಗಿನ ಕಡೆ, ಕೇರಿಯ ಕೊನೆಯಲ್ಲಿ ಇರುವವರ ಬಳಿ ಇಲ್ಲದ್ದು ಆ ಎರಡೇ. ನೀರು ಮೊದಲು ಬರುವುದೂ ಅಲ್ಲಿಗೇ.

ಮುಂಚಿನ ಕೆಲಸಕ್ಕೆ ಹಣವೇ ಇಲ್ಲವೆಂದಲ್ಲ. 15ನೇ ಹಣಕಾಸು ಆಯೋಗ ರಾಜ್ಯಗಳ ವಿಪತ್ತು ನಿಧಿಯಲ್ಲಿ ಶೇ 20ನ್ನು ವಿಪತ್ತಿನ ತೀವ್ರತೆ ತಗ್ಗಿಸುವ ಕೆಲಸಕ್ಕೆಂದೇ ಬೇರೆ ಇಟ್ಟಿತು. ಆ ಹಣದಲ್ಲಿ ತಡೆಗೋಡೆ, ಕಾಲುವೆ ನಮ್ಮ ಕಣ್ಣಿಗೆ ಬೀಳುತ್ತವೆ. ಮಳೆಗೆ ಮುಂಚೆ ಬಡವನ ಗೋಡೆಯ ಬುಡ ಬಲಪಡಿಸುವುದು ಕೂಡ ತೀವ್ರತೆ ತಗ್ಗಿಸುವ ಕೆಲಸವೇ ಎಂದು ಜಿಲ್ಲಾ ಯೋಜನೆಗಳು ಒಪ್ಪಿಕೊಳ್ಳಬೇಕು.

6. ಪಸ್ತಾಪುರದ ಸಂಘಗಳು

ಊರಿನ ಕೈಗೆ ಹಣ, ಅರಿವು ಕೊಟ್ಟರೆ ನಡೆಸುವವರು ಯಾರು ಎಂದು ಕೇಳುವವರಿದ್ದಾರೆ. ಅವರನ್ನು ನಾನು ಜಹೀರಾಬಾದಿನ ಪಕ್ಕದ ಪಸ್ತಾಪುರಕ್ಕೆ ಕರೆಯುತ್ತೇನೆ. 1983ರಲ್ಲಿ ಅಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಶುರುವಾಯಿತು. ಅದನ್ನು ಕಟ್ಟಿದವರಲ್ಲಿ ಮುಖ್ಯರಾದ ಪಿ. ವಿ. ಸತೀಶ್ ಮೈಸೂರಿನವರು, ದೂರದರ್ಶನದ ಕೆಲಸ ಬಿಟ್ಟು ಬಂದವರು. 2023ರ ಮಾರ್ಚಿನಲ್ಲಿ, ದೇಶ ಸಿರಿಧಾನ್ಯದ ವರ್ಷ ಆಚರಿಸುತ್ತಿದ್ದಾಗಲೇ ಅವರು ತೀರಿಕೊಂಡರು. ಅವರು ಊರೂರಿನಲ್ಲಿ ದಲಿತ ಹೆಂಗಸರ ಸಂಘಗಳ ಜೊತೆ ಕೂತು ಅವರ ಮಾತು ಕೇಳಿದರು. ಬೀಳುಬಿದ್ದ ಕೆಂಪು ನೆಲವನ್ನು ಆ ಹೆಂಗಸರು ಹದಕ್ಕೆ ತಂದರು. ಜೋಳ, ನವಣೆ, ಸಜ್ಜೆ, ತೊಗರಿ, ಹೆಸರು ಒಂದೇ ಹೊಲದಲ್ಲಿ ಬೆಳೆದರು. ಒಂದು ಕೈಕೊಟ್ಟರೆ ಇನ್ನೊಂದು ಉಳಿಯುತ್ತದೆ. ಬುಟ್ಟಿಯಲ್ಲಿ ಬೂದಿ, ಬೇವಿನೆಲೆ ಬೆರೆಸಿ ಬೀಜ ಕಾಪಾಡಿದರು. ಊರಲ್ಲೇ ಬೆಳೆದ ಧಾನ್ಯವನ್ನು ಊರಿನ ಬಡವರಿಗೇ ಹಂಚುವ ಪಡಿತರವನ್ನೂ ತಾವೇ ನಡೆಸಿದರು.

2008ರ ಅಕ್ಟೋಬರ್ 15ರಂದು ಝರಾಸಂಗಂ ಮಂಡಲದ ಮಾಚನೂರಿನಲ್ಲಿ ಸಂಘಂ ರೇಡಿಯೊ ಶುರುವಾಯಿತು. ಅದನ್ನು ನಡೆಸುವವರೂ ಹಳ್ಳಿಯ ಹೆಂಗಸರೇ. ದೇಶದಲ್ಲಿ ಸ್ವಯಂಸೇವಾ ಸಂಸ್ಥೆಯೊಂದು ನಡೆಸಿದ ಮೊದಲ ಸಮುದಾಯ ಬಾನುಲಿ ಅದು. 2019ರಲ್ಲಿ ಈ ಸಂಘಗಳ ಕೆಲಸಕ್ಕೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು.

ಮನೆಗೂ ಇದಕ್ಕೂ ಏನು ಸಂಬಂಧ? ಬಹಳ ಇದೆ. ನಮ್ಮ ಸೀಮೆಯಲ್ಲಿ ಮನೆಯೆಂದರೆ ಮಲಗುವ ಜಾಗ ಮಾತ್ರವಲ್ಲ. ಅದೇ ಕಣಜ, ಅದೇ ಬೀಜದ ಉಗ್ರಾಣ, ಅದೇ ಕೊಟ್ಟಿಗೆ. ಸೂರು ಸೋರಿ ಬೀಜ ನೆನೆದರೆ ಮುಂದಿನ ವರ್ಷದ ಬೆಳೆ ಹೋಯಿತು. ಬೆಳೆ ಹೋದರೆ ಮಾಳಿಗೆ ತಿದ್ದಲು ಹಣವಿಲ್ಲ. ಹಣವಿಲ್ಲದೆ ಗುಳೆ, ಗುಳೆ ಹೋದರೆ ಮನೆ ಪಾಳು. ಈ ಸುತ್ತನ್ನು ಸಂಘದ ಹೆಂಗಸರು ಬೀಜದ ತುದಿಯಿಂದ ಹಿಡಿದು ಕಡಿದರು. ಸೂರಿನ ತುದಿಯಿಂದಲೂ ಹಿಡಿಯಬಹುದು. ಅವರು ಬರ ಬಂದ ಮೇಲೆ ಸೇರಿದವರಲ್ಲ. ಮುಂಚೆಯೇ ವಾರವಾರ ಕೂತು ಮಾತಾಡುವ ರೂಢಿ ಇಟ್ಟುಕೊಂಡಿದ್ದರು. ಆದ್ದರಿಂದಲೇ ಬರದ ವರ್ಷದಲ್ಲಿ ಯಾರ ಮನೆಯಲ್ಲಿ ಒಲೆ ಹೊತ್ತಿಲ್ಲ ಎಂಬುದು ಅವರಿಗೆ ಗೊತ್ತಿರುತ್ತಿತ್ತು. ವಿಪತ್ತಿನ ದಿನ ಊರಿಗೆ ಒದಗುವ ಬಲ ಅದೇ.

7. ಮಾಡಬೇಕಾದದ್ದು

ಕೊನೆಗೆ, ಈ ಸಭೆಯ ಮುಂದೆ ಕೆಲವು ಸಲಹೆಗಳನ್ನು ಇಡುತ್ತೇನೆ. ಇವುಗಳಲ್ಲಿ ಯಾವುದಕ್ಕೂ ಹೊಸ ಕಾನೂನು ಬೇಕಿಲ್ಲ.

ಒಂದು, ಪ್ರತಿ ಊರಿನಲ್ಲಿ ಯುಗಾದಿಯಿಂದ ರೋಹಿಣಿ ಮಳೆಯೊಳಗೆ ಮನೆಗಳ ತಪಾಸಣೆ ನಡೆಯಬೇಕು. ಗೋಡೆಯ ಬುಡ, ಜಂತಿಯ ತುದಿ, ಸೂರಿನ ಭಾರ, ತಗಡಿನ ಬೋಲ್ಟು, ನೀರು ಹರಿದುಹೋಗುವ ದಾರಿ ಈ ಐದನ್ನು ನೋಡಿ ಪಟ್ಟಿ ಮಾಡಲು ಎಂಜಿನಿಯರೇ ಬೇಕೆಂದಿಲ್ಲ. ತರಬೇತಿ ಪಡೆದ ಗೌಂಡಿ ಒಬ್ಬ, ಸಂಘದ ಇಬ್ಬರು ಹೆಂಗಸರು ಸಾಕು. ಆ ಪಟ್ಟಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಎಲ್ಲರಿಗೂ ಕಾಣಬೇಕು.

ಎರಡು, ಆ ಪಟ್ಟಿಯಲ್ಲಿ ಅಪಾಯದಲ್ಲಿರುವ ಮನೆಗಳಿಗೆ ಮಳೆಗೆ ಮುಂಚೆ ಸಣ್ಣ ಮೊತ್ತದ ನೆರವು ಸಿಗಬೇಕು. ತಾಂಡೂರಿನ ಕಣಿಗಳ ಬಳಿ ಒಡೆದ ಪರಸಿ ರಾಶಿ ಬಿದ್ದಿದೆ. ಅದನ್ನು ಗೋಡೆಯ ಬುಡದ ಸುತ್ತ ಹೊರಗೆ ಇಳಿಜಾರಾಗಿ ಹಾಸಿದರೆ ಅಲ್ಲಿ ನೀರು ನಿಲ್ಲುವುದಿಲ್ಲ. ತಗಡಿಗೂ ಸ್ಲ್ಯಾಬಿಗೂ ಬೇಸಿಗೆಗೆ ಮುಂಚೆ ಸುಣ್ಣ ಬಳಿದರೆ ಒಳಗಿನ ಬಿಸಿ ಇಳಿಯುತ್ತದೆ. ತೆಲಂಗಾಣವೇ 2023ರಲ್ಲಿ ತಂಪು ಸೂರಿನ ನೀತಿ ತಂದ ಮೊದಲ ರಾಜ್ಯಗಳಲ್ಲಿ ಒಂದು. ಆ ನೀತಿ ನಗರದ ಗಾಜಿನ ಕಟ್ಟಡಗಳಲ್ಲಿ ನಿಲ್ಲದೆ ನ್ಯಾಲಕಲ್ಲಿನ ಪತ್ರಾದ ಮನೆಗೂ ಬರಲಿ.

ಮೂರು, ಹೊಸ ಮನೆ ಕಟ್ಟುವಾಗ ನೆಲ ನೋಡಿ ಕಟ್ಟಬೇಕು. ಜಹೀರಾಬಾದಿನ ಕೆಂಪು ಮಣ್ಣು ಒತ್ತಿದ ಮಣ್ಣಿನ ಇಟ್ಟಿಗೆಗೆ ಬಲು ಒಳ್ಳೆಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರದಲ್ಲಿ ಕೆ. ಎಸ್. ಜಗದೀಶ್ ಮತ್ತು ಅವರ ಸಂಗಡಿಗರು ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಕೈಯಂತ್ರದಲ್ಲಿ ಒತ್ತುವ ಇಟ್ಟಿಗೆಯನ್ನು ದಶಕಗಳ ಕಾಲ ಪರೀಕ್ಷಿಸಿ ನೋಡಿದ್ದಾರೆ. ಎರೆ ನೆಲದಲ್ಲಿ ಮಾತ್ರ ಪಾಯಕ್ಕೆ ಹೆಚ್ಚು ಖರ್ಚು ಮಾಡಲೇಬೇಕು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿದ, ಬುಡದಲ್ಲಿ ಅಗಲವಾಗಿರುವ ಆಳದ ಕಂಬಗಳ ಪಾಯ ಇಂಥ ನೆಲಕ್ಕೆಂದೇ ಇದೆ. ಎಲ್ಲ ಕಡೆಗೂ ಒಂದೇ ಮೊತ್ತ, ಒಂದೇ ನಕ್ಷೆ ಎಂದರೆ ಎರೆ ಸೀಮೆಯ ಬಡವ ಸೋಲುತ್ತಾನೆ. ಮತ್ತೆ, ಪ್ರತಿ ನಕ್ಷೆಯಲ್ಲೂ ನೆಲದಿಂದ ಎತ್ತರದಲ್ಲಿ ಕಾಳು, ಬೀಜ ಇಡಲು ಒಂದು ಅಟ್ಟ ಇರಲೇಬೇಕು.

ನಾಲ್ಕು, ಎಚ್ಚರಿಕೆ ಗಡಿ ದಾಟಬೇಕು. ಬೀದರ ಜಿಲ್ಲಾಡಳಿತಕ್ಕೆ ಮಾಂಜ್ರಾದ ನೀರಿನ ಮಟ್ಟ ತಿಳಿದ ಗಳಿಗೆಯಲ್ಲೇ ನಾರಾಯಣಖೇಡಕ್ಕೆ ತಿಳಿಯಬೇಕು. ವಿಕಾರಾಬಾದಿನ ಮಳೆಯ ಸುದ್ದಿ ಸೇಡಂಗೆ ನದಿಗಿಂತ ಮುಂಚೆ ಮುಟ್ಟಬೇಕು. ಅದು ಜನರಾಡುವ ಭಾಷೆಯಲ್ಲಿರಬೇಕು. ಒಂದೇ ಊರಿನಲ್ಲಿ ತೆಲುಗು, ಕನ್ನಡ, ಉರ್ದು, ಲಂಬಾಣಿ ಆಡುವವರಿದ್ದಾರೆ. ಮಸೀದಿಯ, ಗುಡಿಯ ಧ್ವನಿವರ್ಧಕ, ಡಂಗುರ, ಸಂಘಂ ರೇಡಿಯೊ ಎಲ್ಲವೂ ಈ ಕೆಲಸಕ್ಕೆ ಬರಲಿ. ಕನ್ನಡ ಬಲ್ಲ ಮೇಷ್ಟ್ರುಗಳು, ಯುವಕರು ಇದನ್ನು ತಮ್ಮ ಕೆಲಸವೆಂದು ಹಿಡಿದರೆ ಗಡಿನಾಡಿನಲ್ಲಿ ಕನ್ನಡ ಜೀವ ಉಳಿಸುವ ಭಾಷೆಯಾಗುತ್ತದೆ.

ಐದು, ಹಳ್ಳದ ದಂಡೆಯಲ್ಲಿರುವವರಿಗೆ ಎತ್ತರದ ಜಾಗವನ್ನು ಕಾಗದ ಸಮೇತ ಕೊಡಬೇಕು. ಸುರಕ್ಷಿತ ಮನೆಯ ಮೊದಲ ಕಲ್ಲು ಹಕ್ಕುಪತ್ರ. ಅದು ಕೈಯಲ್ಲಿಲ್ಲದವನು ತನ್ನದಲ್ಲದ ಗೋಡೆಗೆ ಹಣ ಹಾಕುವುದಿಲ್ಲ, ಹಾಕು ಎಂದು ಹೇಳುವುದು ನ್ಯಾಯವೂ ಅಲ್ಲ.

ಈ ದತ್ತಿಯನ್ನು ಇಟ್ಟವರು ವರ್ಷಕ್ಕೊಮ್ಮೆ ಒಂದು ಒಳ್ಳೆಯ ಮಾತು ನಡೆಯಲಿ ಎಂದು ಬಯಸಿದರು. ಮಾತಿನ ಜೊತೆ ಒಂದು ಕೆಲಸವೂ ನಡೆಯಲಿ ಎಂದು ನಾನು ಕೇಳಿಕೊಳ್ಳುತ್ತೇನೆ. ಈ ಮೂರು ತಾಲ್ಲೂಕಿನಿಂದ ಒಂದೊಂದು ಊರನ್ನು ಆರಿಸಿ, ಬರುವ ರೋಹಿಣಿ ಮಳೆಯೊಳಗೆ ಅಲ್ಲಿನ ಅಪಾಯದ ಮನೆಗಳ ಪಟ್ಟಿ ಮಾಡೋಣ, ಮುದುಕರು ಒಂಟಿಯಾಗಿರುವ ಮನೆಗಳಿಂದ ಕೆಲಸ ಹಿಡಿಯೋಣ. ಮುಂದಿನ ವರ್ಷ ಈ ವೇದಿಕೆಗೆ ಬರುವ ಉಪನ್ಯಾಸಕರು ಯಾವ ವಿಷಯವನ್ನಾದರೂ ಆರಿಸಿಕೊಳ್ಳಲಿ. ಅವರು ಮಾತು ಶುರುಮಾಡುವ ಮುನ್ನ ಆ ಮೂರು ಊರಿನವರು ಎದ್ದು ನಿಂತು ಮಳೆಗೆ ಮುಂಚೆ ಎಷ್ಟು ಮನೆ ತಿದ್ದಿದೆವು, ಎಷ್ಟು ಬಾಕಿ ಉಳಿದವು, ಯಾಕೆ ಉಳಿದವು ಎಂಬ ಲೆಕ್ಕವನ್ನು ಸಭೆಗೆ ಒಪ್ಪಿಸಲಿ.